ಎರಡು ಕೋಲಿನ ನರಿ

ಕುರುಚಲು ಕಾಡೊಂದರಲ್ಲಿ ಪ್ರಾಣಿಗಳೆಲ್ಲ ಸೇರಿ ಗಾಲ್ಫ್ ಆಡುತ್ತಿದ್ದವು. ಪ್ರಾಣಿಗಳಿಗೆ ಗಾಲ್ಫ್ ಯಾಕೆ ಎಂದು ಕೇಳಬೇಡಿ. ಬೇಲಿಯಾಚೆ ಮನುಷ್ಯರು ಆಡುತ್ತಿದ್ದರು. ಅವರನ್ನೂ ಯಾರೂ ಯಾಕೆ ಎಂದು ಕೇಳಿರಲಿಲ್ಲ.

ಆಟವೇನೋ ಸುಲಭ. ನೆಲದ ಮೇಲೆ ಒಂದು ಬಿಳಿ ಚೆಂಡು, ದೂರದಲ್ಲಿ ಒಂದು ಕುಳಿ. ಕೋಲಿನಿಂದ ಹೊಡೆದು ಚೆಂಡನ್ನು ಕುಳಿಯ ಹತ್ತಿರ ಸೇರಿಸಬೇಕು. ಬೇಲಿಯಾಚೆಯವರು ಬಿಸಾಡಿದ್ದ ಕೋಲುಗಳ ಚೀಲವೊಂದು ಕಾಡಿಗೆ ಸಿಕ್ಕಿತ್ತು. ಒಂದೊಂದು ಕೋಲು ಚೆಂಡನ್ನು ಒಂದೊಂದು ದೂರಕ್ಕೆ ಕಳಿಸುತ್ತಿತ್ತು. ಹಿರಿಯ ಹೆಣ್ಣಾನೆ ತಾನೇ ಹೆಜ್ಜೆ ಹಾಕಿ ಅಳೆದು ಆ ಕೋಲುಗಳಿಗೆ ಹೆಸರಿಟ್ಟಿತ್ತು. ಐವತ್ತು ಹೆಜ್ಜೆ ಕಳಿಸುವುದು ಐವತ್ತರ ಕೋಲು, ಅರವತ್ತು ಹೆಜ್ಜೆ ಕಳಿಸುವುದು ಅರವತ್ತರ ಕೋಲು. ಆನೆಗೆ ಹೆಸರಿಡುವ ಕೆಲಸದಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ.

ತೊಂದರೆ ಇದ್ದದ್ದು ಕೊನೆಯ ಕುಳಿಯಲ್ಲಿ. ಅದು ಸರಿಯಾಗಿ ಐವತ್ತೈದು ಹೆಜ್ಜೆ ದೂರದಲ್ಲಿ, ಹುಲ್ಲಿನ ಒಂದು ಸಣ್ಣ ದಿಬ್ಬದ ಮೇಲಿತ್ತು. ದಿಬ್ಬದ ಈಚೆಗೆ ಕೆರೆ. ಐವತ್ತಕ್ಕೆ ಬಿದ್ದ ಚೆಂಡು ನೀರಿನ ಪಾಲು. ದಿಬ್ಬದ ಆಚೆಗೆ ಲಂಟಾನದ ಪೊದೆ. ಅದರೊಳಗೆ ಹುಲಿ ಮಲಗುತ್ತಿತ್ತು. ಅರವತ್ತಕ್ಕೆ ಬಿದ್ದ ಚೆಂಡನ್ನು ತರಲು ಯಾರೂ ಹೋಗುತ್ತಿರಲಿಲ್ಲ.

ಬೇಸಿಗೆಗೆ ಮುಂಚೆ ಆ ಕುಳಿಗೆ ಎಲ್ಲರೂ ಒಂದೊಂದು ಸಲ ಹೊಡೆಯಬೇಕು. ಇದು ಕಾಡಿನ ಪದ್ಧತಿ. ದಿಬ್ಬದ ಮೇಲೆ ಚೆಂಡು ನಿಲ್ಲಿಸಿದವರಿಗೆ ಬೇಸಿಗೆಯಿಡೀ ಕೆರೆ ದಂಡೆಯ ಹೊಂಗೆ ತೋಪಿನಲ್ಲಿ ನೆರಳು. ಉಳಿದವರಿಗೆ ಬೋಳುಗುಡ್ಡ. ಅಲ್ಲಿ ಮರ ಇರಲಿ, ಒಂದು ಕಡ್ಡಿಯೂ ಇರಲಿಲ್ಲ. ತೋಪಿನಲ್ಲಿ ಎಲ್ಲರಿಗೂ ಜಾಗ ಸಾಲುತ್ತಿರಲಿಲ್ಲ, ಅದಕ್ಕೇ ಈ ಏರ್ಪಾಡು.

ಕೋಲಿನ ಚೀಲ ಹೊರುವ ಕೆಲಸ ವೆಂಕೋಬ ಎಂಬ ನರಿಯದು. ಚೀಲ ಹೊತ್ತವರು ಆಡುವಂತಿರಲಿಲ್ಲ. ಆಡದವರು ಸೋಲುವುದೂ ಇಲ್ಲ. ಹಾಗಾಗಿ ತೋಪಿನ ನಟ್ಟನಡುವಿನ ತಂಪು ಜಾಗ ಪ್ರತಿ ವರ್ಷ ನರಿಗೇ ಮೀಸಲಾಗಿತ್ತು. ಆ ಜಾಗವನ್ನು ನರಿ ತನ್ನ ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿತ್ತು. ಮೂರು ವರ್ಷದ ಹಿಂದೆ ಅದು ಕೈತಪ್ಪುವುದರಲ್ಲಿತ್ತು. "ನರಿ ಹೇಳಿದ ಕೋಲಿನಿಂದಲೇ ಹೊಡೆದೆ, ಚೆಂಡು ಕೆರೆಗೆ ಬಿತ್ತು" ಎಂದು ಕಾಡುಹಂದಿ ದೂರು ಕೊಟ್ಟಿತ್ತು. ಅವತ್ತೇ ನರಿ ಸಭೆ ಕರೆಸಿ ಒಂದು ನಿಯಮ ಮಾಡಿಸಿತು. ಕೋಲು ಆರಿಸಿದವರೇ ಅದರ ಫಲ ಉಣ್ಣಬೇಕು. ಕೇಳಲು ನ್ಯಾಯವಾಗಿಯೇ ಇತ್ತು. ಎಲ್ಲರೂ ತಲೆಯಾಡಿಸಿದರು.

ಅಂದಿನಿಂದ ನರಿ ಯಾರಿಗೂ ಕೋಲು ಆರಿಸಿಕೊಡಲಿಲ್ಲ. ಆದರೆ ಸಲಹೆ ಕೊಡುವುದನ್ನು ಬಿಡಲೂ ಇಲ್ಲ.

ಹೋದ ವರ್ಷ ಜಡೆಯಪ್ಪ ಎಂಬ ಕರಡಿ ಬಂದು ಕೇಳಿತು. "ವೆಂಕೋಬ, ಐವತ್ತರದ್ದು ಹಿಡೀಲೋ, ಅರವತ್ತರದ್ದೋ?"

ನರಿ ಎರಡೂ ಕೋಲುಗಳನ್ನು ಹೊರತೆಗೆದು, ಎರಡನ್ನೂ ಒರೆಸಿ, ಗಂಭೀರವಾಗಿ ಹೇಳಿತು. "ಎರಡೂ ಒಳ್ಳೇ ಕೋಲೇ ಕಣಣ್ಣ."

"ಅದು ಗೊತ್ತಪ್ಪ. ಈಗ ಯಾವುದು?"

"ನಿನ್ನಂಥ ಬಲಶಾಲಿಗೆ ನಾನು ಹೇಳೋದೇನಿದೆ?"

ಕರಡಿ ಉಬ್ಬಿಹೋಯಿತು. ಐವತ್ತರ ಕೋಲು ಹಿಡಿದು, ಕೊರತೆಯಾದ ಐದು ಹೆಜ್ಜೆಯನ್ನು ತೋಳಿನ ಬಲದಿಂದ ತುಂಬುತ್ತೇನೆಂದು ಬೀಸಿತು. ಚೆಂಡು ಓರೆಯಾಗಿ ಹೋಗಿ ಕೆರೆಗೆ ಬಿತ್ತು. ನರಿ ನಿಟ್ಟುಸಿರು ಬಿಟ್ಟಿತು. "ನಾನು ಮನಸ್ಸಿನಲ್ಲಿ ಅರವತ್ತರದ್ದನ್ನೇ ಅಂದುಕೊಂಡಿದ್ದೆ ಕಣಣ್ಣ."

ಅದನ್ನು ಕೇಳಿದ ಕಾಡುಹಂದಿ ಅರವತ್ತರ ಕೋಲು ಹಿಡಿದು ಜೋರಾಗಿ ಹೊಡೆಯಿತು. ಚೆಂಡು ಹುಲಿಯ ಪೊದೆಗೆ ಹೋಯಿತು. ನರಿ ಮತ್ತೆ ನಿಟ್ಟುಸಿರು ಬಿಟ್ಟಿತು. "ನಿನ್ನ ವಿಷಯದಲ್ಲಿ ನಾನು ಐವತ್ತರದ್ದನ್ನು ಅಂದುಕೊಂಡಿದ್ದೆ."

ಕರಡಿಯೂ ಹಂದಿಯೂ ಆ ಬೇಸಿಗೆಯನ್ನು ಬೋಳುಗುಡ್ಡದಲ್ಲಿ ಕಳೆದವು. ಮೈತುಂಬ ಕಪ್ಪು ಕೂದಲಿರುವ ಕರಡಿಗೆ ಬಿಸಿಲುಬಂಡೆ ಎಂದರೆ ಏನು ಎಂದು ನೀವೇ ಯೋಚಿಸಿ. ಅದರ ಅಂಗಾಲು ಬಿರಿಯಿತು. ನಾಲಿಗೆ ಒಣಗಿ ಹಲಗೆಯಾಯಿತು. ಅಷ್ಟಾದರೂ ಕಾಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನರಿಯ ಮನಸ್ಸಿನಲ್ಲಿದ್ದ ಕೋಲು ಒಮ್ಮೆಯೂ ತಪ್ಪಿಲ್ಲ. ಕೇಳಿ ಕೇಳಿ ನರಿಯೂ ಅದನ್ನೇ ನಂಬಿತು.

ಮತ್ತೆ ಬೇಸಿಗೆ ಹತ್ತಿರವಾಯಿತು. ಎಲ್ಲರೂ ಕೊನೆಯ ಕುಳಿಯ ಮುಂದೆ ಸೇರಿದರು. ಈ ವರ್ಷ ಮೊದಲು ಹೊಡೆದದ್ದು ಗೌರಜ್ಜಿ. ಅದೊಂದು ಮುದಿ ಮುಳ್ಳುಹಂದಿ. ನರಿ ಎರಡು ಕೋಲು ಹೊರತೆಗೆಯಿತು.

"ಎರಡೂ ಒಳ್ಳೇ ಕೋಲೇ ಅಜ್ಜಿ."

"ಇರಬಹುದು ಮಗ. ನನಗೆ ಇರೋದು ಒಂದೇ ಚೆಂಡು" ಎಂದು ಗೌರಜ್ಜಿ ಅರವತ್ತರ ಕೋಲನ್ನು ತೆಗೆದುಕೊಂಡಿತು. ಹಿಡಿಯ ತುದಿ ಬಿಟ್ಟು ನಾಲ್ಕು ಬೆರಳು ಕೆಳಗೆ ಹಿಡಿಯಿತು. ಕಸ ಗುಡಿಸುವವರ ಹಾಗೆ ಮೆಲ್ಲಗೆ, ಅವಸರವಿಲ್ಲದೆ ಬೀಸಿತು. ಚೆಂಡು ಕೆರೆ ದಾಟಿ ದಿಬ್ಬದ ಮೇಲೆ ಬಿದ್ದು, ಕುಳಿಯ ಪಕ್ಕದಲ್ಲೇ ನಿಂತಿತು.

ನರಿ ಎಲ್ಲರಿಗೂ ಕೇಳಿಸುವಂತೆ ಹೇಳಿತು. "ನಾನು ಮನಸ್ಸಿನಲ್ಲಿ ಇದನ್ನೇ ಅಂದುಕೊಂಡಿದ್ದೆ."

"ಹೌದೇನಪ್ಪ? ಒಳ್ಳೇದಾಯ್ತು" ಎಂದು ಗೌರಜ್ಜಿ ಕರಡಿಯ ಕಡೆ ನೋಡಿತು.

ಮುಂದಿನ ಸರದಿ ಕರಡಿಯದು. ಅದು ಕುಂಟುತ್ತಾ ಬಂದು ಮುಂಗೈ ಎತ್ತಿ ತೋರಿಸಿತು. ಅಂಗೈಯಲ್ಲಿ ಗೇಣುದ್ದದ ಮುಳ್ಳೊಂದು ನಿಂತಿತ್ತು. ಮುಳ್ಳಿನ ಮೇಲೆ ಕಪ್ಪು ಬಿಳಿ ಪಟ್ಟೆಗಳಿದ್ದವು. ನರಿ ಆಗ ಅದನ್ನು ಗಮನಿಸಲಿಲ್ಲ.

"ಅಮ್ಮಾ, ನನ್ನ ಕೈಲಿ ಕೋಲು ಹಿಡಿಯೋಕಾಗಲ್ಲ" ಎಂದು ಕರಡಿ ಆನೆಗೆ ಹೇಳಿತು. "ಹೊಡೀದೆ ಇದ್ರೆ ಬೋಳುಗುಡ್ಡವೇ ಗತಿ. ಇನ್ನೊಂದು ಬೇಸಿಗೆ ಅಲ್ಲಿದ್ರೆ ನಾನು ಉಳಿಯಲ್ಲ. ನನ್ನ ಬದಲು ವೆಂಕೋಬ ಹೊಡೀಲಿ. ಅವನ ಮನಸ್ಸಿನಲ್ಲಿರೋ ಕೋಲು ತಪ್ಪೋದೇ ಇಲ್ವಲ್ಲ."

"ಅದೂ ಸರಿನೇ" ಎಂದು ಕಾಡುಹಂದಿ ಹೇಳಿತು. "ಸರಿ, ಸರಿ" ಎಂದು ಉಳಿದವರೂ ಹೇಳಿದರು.

ನರಿ ಚೀಲವನ್ನು ಹೆಗಲಿಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಿತು. "ಚೀಲ ಹೊತ್ತವರು ಆಡೋ ಹಾಗಿಲ್ಲವಲ್ಲಮ್ಮ" ಎಂದು ನುಣುಚಿಕೊಳ್ಳಲು ನೋಡಿತು.

ಆನೆ ಸೊಂಡಿಲು ಚಾಚಿ ನರಿಯ ಹೆಗಲಿನಿಂದ ಚೀಲವನ್ನು ಇಳಿಸಿ ನೆಲದ ಮೇಲಿಟ್ಟಿತು. "ಈಗ ನೀನು ಚೀಲ ಹೊತ್ತಿಲ್ಲ. ಕೋಲು ಆರಿಸಿದವರೇ ಫಲ ಉಣ್ಣಬೇಕು ಅಂತ ನೀನೇ ಮಾಡಿಸಿದ ನಿಯಮ ಇದೆ. ದಿಬ್ಬದ ಮೇಲೆ ನಿಂತರೆ ಇಬ್ಬರಿಗೂ ನೆರಳು. ನಿಲ್ಲದಿದ್ದರೆ ಬೋಳುಗುಡ್ಡ ನಿನಗೆ. ಆರಿಸ್ಕೋಪ್ಪ."

ನರಿ ಎರಡು ಕೋಲುಗಳನ್ನು ಮುಂದಿಟ್ಟುಕೊಂಡು ಕುಳಿತಿತು. ಐವತ್ತರದ್ದನ್ನು ನೋಡಿದರೆ ಕೆರೆ ಕಾಣಿಸಿತು. ಅರವತ್ತರದ್ದನ್ನು ನೋಡಿದರೆ ಹುಲಿಯ ಗೊರಕೆ ಕೇಳಿಸಿತು. ಯಾರನ್ನಾದರೂ ಕೇಳೋಣ ಎಂದರೆ, ಕಾಡಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ನರಿಯನ್ನೇ. ಮನಸ್ಸಿನಲ್ಲಿ ಯಾವ ಕೋಲಿದೆ ಎಂದು ಹುಡುಕಿತು. ಅಲ್ಲಿ ಯಾವ ಕೋಲೂ ಇರಲಿಲ್ಲ. ಯಾವತ್ತೂ ಇದ್ದಿರಲಿಲ್ಲ. ಇದು ನರಿಗೆ ಮೊದಲ ಸಲ ತಿಳಿಯಿತು. ಅದಕ್ಕೆ ನಿಜವಾಗಿ ಭಯವಾಯಿತು.

ಗೌರಜ್ಜಿ ಮಾಡಿದ ಹಾಗೆ ಮಾಡಬಹುದಿತ್ತು. ದೊಡ್ಡ ಕೋಲು ಹಿಡಿದು ಮೆಲ್ಲಗೆ ಬೀಸಬಹುದಿತ್ತು. ಈಗಷ್ಟೇ ಕಣ್ಣೆದುರೇ ನಡೆದಿತ್ತು. ಆದರೆ ಒಂದು ಮುದಿ ಮುಳ್ಳುಹಂದಿಯನ್ನು ನೋಡಿ ಕಲಿತ ಎಂದು ನಾಳೆ ಯಾರಾದರೂ ಆಡಿಕೊಂಡರೆ? ನರಿಗೆ ಅದು ಬೇಡವಾಗಿತ್ತು.

ಬಿಸಿಲು ಏರಿತು. ಕಾಡುಹಂದಿ ಆಕಳಿಸಿತು. ಆನೆ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿತು.

ಕೊನೆಗೆ ನರಿ ಎದ್ದು ಹೋಗಿ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನು ಒಂದು ಮಾರು ಕಿತ್ತು ತಂದಿತು. ಎರಡು ಕೋಲುಗಳನ್ನು ಜೋಡಿಸಿ, ಮೇಲಿನಿಂದ ಕೆಳಗಿನವರೆಗೂ ಬಿಗಿಯಾಗಿ ಸುತ್ತಿ ಗಂಟು ಹಾಕಿತು.

"ಇದೇನೋ ವೆಂಕೋಬ?" ಎಂದು ಕರಡಿ ಕೇಳಿತು.

"ಐವತ್ತರದ್ದೂ ಇದೆ, ಅರವತ್ತರದ್ದೂ ಇದೆ" ಎಂದು ನರಿ ಹೇಳಿತು. "ಎರಡೂ ಸೇರಿದರೆ ಐವತ್ತೈದು."

ಎಲ್ಲರೂ ಆನೆಯ ಮುಖ ನೋಡಿದರು. ಆನೆ ಬಳ್ಳಿಯ ಗಂಟನ್ನು ಸೊಂಡಿಲಿನಿಂದ ಮುಟ್ಟಿ ನೋಡಿತು. "ಕಟ್ಟಬಾರದು ಅಂತ ನಿಯಮವೇನೂ ಇಲ್ಲ" ಎಂದಿತು. "ಹೊಡಿ."

ನರಿಗೆ ಜೀವ ಬಂದಂತಾಯಿತು. ತನ್ನ ಜಾಣತನಕ್ಕೆ ತಾನೇ ತಲೆದೂಗಿತು. ಜೋಡಿಕೋಲನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ಬೀಸಿತು. ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಮೊದಲನೇ ಕೋಲು ಚೆಂಡನ್ನು ಎತ್ತಿತು. ಎರಡನೇ ಕೋಲು ಅದನ್ನು ನೆಲಕ್ಕೆ ಕುಕ್ಕಿತು. ಚೆಂಡು ಹುಲ್ಲಿನ ಮೇಲೆ ಉರುಳುತ್ತಾ ಹೋಯಿತು. ದಂಡೆಯಲ್ಲಿ ಕುಳಿತಿದ್ದ ಕಪ್ಪೆಯೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಚೆಂಡು ಗುಳುಂ ಎಂದು ಕೆರೆಗಿಳಿಯಿತು. ಆನೆ ಅಳೆದು ನೋಡಿತು. ಒಟ್ಟು ಹನ್ನೊಂದು ಹೆಜ್ಜೆ.

ನರಿ ಅಭ್ಯಾಸಬಲದಿಂದ ನಿಟ್ಟುಸಿರು ಬಿಟ್ಟಿತು. "ನಾನು ಮನಸ್ಸಿನಲ್ಲಿ ಇನ್ನೊಂದು ಕೋಲನ್ನು..." ಎಂದು ಶುರುಮಾಡಿತು.

ಅಷ್ಟಕ್ಕೇ ನಿಂತಿತು. ಇನ್ನೊಂದು ಕೋಲೂ ಅದರ ಕೈಯಲ್ಲೇ ಇತ್ತು.

ಕರಡಿ ಅಂಗೈಯ ಮುಳ್ಳನ್ನು ಹಲ್ಲಿನಿಂದ ಕಿತ್ತು, ಒರೆಸಿ, ಗೌರಜ್ಜಿಗೆ ವಾಪಸು ಕೊಟ್ಟಿತು. "ನೋವಾಯ್ತೇನೋ ಮಗ?" ಎಂದು ಗೌರಜ್ಜಿ ಕೇಳಿತು.

"ಬೋಳುಗುಡ್ಡದಷ್ಟಿಲ್ಲ ಅಜ್ಜಿ."

"ಕೈ ವಾಸಿಯಾದ ಹಾಗಿದೆ. ನಿನ್ನ ಚೆಂಡು ನೀನೇ ಹೊಡಿ ಜಡೆಯಪ್ಪ" ಎಂದು ಆನೆ ಹೇಳಿತು. ಕರಡಿ ಬಳ್ಳಿ ಬಿಚ್ಚಿ ಅರವತ್ತರ ಕೋಲನ್ನು ತೆಗೆದುಕೊಂಡಿತು. ತುದಿ ಬಿಟ್ಟು ಕೆಳಗೆ ಹಿಡಿಯಿತು. ತನಗಿದ್ದ ಬಲದಲ್ಲಿ ಮುಕ್ಕಾಲು ಪಾಲನ್ನು ಮೈಯಲ್ಲೇ ಉಳಿಸಿಕೊಂಡು ಮೆಲ್ಲಗೆ ಬೀಸಿತು. ಚೆಂಡು ದಿಬ್ಬದ ಅಂಚಿಗೆ ಬಿದ್ದು, ಇಳಿಯಲೋ ಬೇಡವೋ ಎಂದು ಸ್ವಲ್ಪ ಅನುಮಾನಿಸಿ, ಅಲ್ಲೇ ನಿಂತಿತು. ಕರಡಿಗೆ ಕಣ್ಣು ತುಂಬಿ ಬಂತು. ಒಂದು ಬೇಸಿಗೆಯನ್ನು ಬಂಡೆಯ ಮೇಲೆ ಕಳೆದವರಿಗೆ ಅದು ಅರ್ಥವಾಗುತ್ತದೆ.

ನರಿ ಅಂದು ಸಂಜೆಯೇ ಬೋಳುಗುಡ್ಡಕ್ಕೆ ಹೋಯಿತು. ಅಲ್ಲಿ ಎರಡು ದೊಡ್ಡ ಬಂಡೆಗಳಿದ್ದವು. ಬೆಳಗ್ಗೆ ಒಂದರ ಬುಡದಲ್ಲಿ ಒಂದು ಅಂಗೈ ಅಗಲ ನೆರಳು ಬೀಳುತ್ತಿತ್ತು, ಮಧ್ಯಾಹ್ನದ ಮೇಲೆ ಇನ್ನೊಂದರ ಬುಡದಲ್ಲಿ. ಮರುದಿನ ಗುಡ್ಡಕ್ಕೆ ಹೊಸದಾಗಿ ಬಂದ ಉಡವೊಂದು ಕೇಳಿತು. "ಯಾವ ಬಂಡೆ ವಾಸಿ ಮಾವ?"

"ಎರಡೂ ಒಳ್ಳೇ ಬಂಡೆನೇ" ಎಂದಿತು ನರಿ.

ಉಡ ಒಂದು ಗಳಿಗೆ ನಿಂತು ನೋಡಿ, ನೆರಳಿದ್ದ ಕಡೆಗೆ ಹರಿದುಹೋಗಿ ಮಲಗಿತು. ನರಿ ಎರಡು ಬಂಡೆಗಳ ನಡುವೆಯೇ ಕುಳಿತಿತ್ತು. ಅಲ್ಲಿ ಇಡೀ ದಿನ ಬಿಸಿಲು.

ನೀತಿ: ಎರಡರ ನಡುವೆ ಸಿಕ್ಕಿಕೊಂಡಾಗ ಒಂದನ್ನು ಆರಿಸಿ, ಅದರ ಹೊಣೆಯನ್ನು ಹೊರಬೇಕು, ಎರಡನ್ನೂ ಹಿಡಿದುಕೊಂಡವರಿಗೆ ಕೊನೆಗೆ ನೆಪ ಹೇಳಲು ಇನ್ನೊಂದು ಉಳಿಯುವುದಿಲ್ಲ. ಗಾಲ್ಫ್ ಆಡುವವರಾದರೆ, ದೊಡ್ಡ ಕೋಲನ್ನು ಹಿಡಿದು ಮೆಲ್ಲಗೆ ಬೀಸಿ.