ಪ್ರಿಂಟರಿನ ಹೊಸ ನಂಬರು

ತಾಲೂಕು ಕಚೇರಿಯ ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಒಂದೇ ನಂಬರಿನ ವಿಳಾಸದಲ್ಲಿರುವುದೆಂದರೆ ಬೇಸರ. ಕರೆಂಟು ಹೋಗಿ ಬಂದಾಗಲೆಲ್ಲ ರೂಟರಿನಿಂದ ಹೊಸ ನಂಬರು ಕೇಳಿ ಪಡೆಯುತ್ತಿತ್ತು. ಗುಮಾಸ್ತೆ ನೀಲಮ್ಮ ಅದನ್ನು ಹತ್ತೂ ಕಂಪ್ಯೂಟರುಗಳಿಗೆ ತಿಳಿಸಿ ಬರುತ್ತಿದ್ದರು.

"ಒಂದನ್ನೇ ಖಾಯಂ ಮಾಡಿಕೊಡಲೇ?" ಎಂದು ರೂಟರ್ ಕೇಳಿದರೆ, "ನಾನೇನು ಗೂಟಕ್ಕೆ ಕಟ್ಟಿದ ದನವೇ?" ಎನ್ನುತ್ತಿತ್ತು ಪ್ರಿಂಟರ್.

ನೀಲಮ್ಮ ರಜೆ ಹಾಕಿದ ದಿನ ಬೆಳಿಗ್ಗೆಯೇ ಕರೆಂಟು ಹೋಗಿ ಬಂತು. ಆಮೇಲೆ ಪ್ರಿಂಟರಿಗೆ ಒಂದು ಹಾಳೆಯ ಕೆಲಸವೂ ಬರಲಿಲ್ಲ. ಆದಾಯ ಪ್ರಮಾಣಪತ್ರಕ್ಕಾಗಿ ಸಂಜೆವರೆಗೆ ಕಾದ ಮುದುಕಿ ಬರಿಗೈಯಲ್ಲಿ ಎದ್ದು ಹೋದಳು. ಪ್ರಿಂಟರಿಗೆ ಸಂಕಟವಾಯಿತು, ಸಿಟ್ಟೂ ಬಂತು.

"ಹತ್ತು ಕಂಪ್ಯೂಟರುಗಳಲ್ಲಿ ಒಂದಕ್ಕಾದರೂ ನನ್ನ ನೆನಪಾಗಲಿಲ್ಲವಲ್ಲ!"

"ಎಲ್ಲವೂ ಬೆಳಿಗ್ಗೆಯಿಂದ ನಿನ್ನನ್ನೇ ಕೂಗುತ್ತಿವೆ," ಎಂದಿತು ರೂಟರ್, "ನೀನು ಬಿಟ್ಟುಬಂದ ನಂಬರಿನ ಬಾಗಿಲು ಬಡಿಯುತ್ತ."