ಕಡಲಹುಲಿಯ ಹಕ್ಕುದಾರ

ಹೊನ್ನಗಡಿಯ ಅರಸ ಕಾಮರಸ ಶಂಖತೀರಕ್ಕೆ ನೆಂಟನಂತೆ ಬಂದು, ಹೊಟ್ಟೆ ತುಂಬ ಉಂಡು, ಕೈ ತೊಳೆಯುತ್ತಲೇ ಯುದ್ಧದ ಮಾತೆತ್ತಿದ.

ಬಂದರಿನಲ್ಲಿ ನಿಂತಿದ್ದ 'ಕಡಲಹುಲಿ' ಎಂಬ ಹಾಯಿಹಡಗನ್ನು ಕಟ್ಟಿಸಿದ್ದು ತನ್ನ ಅಜ್ಜನೇ ಅಂತೆ. ಹಿಂದಿನ ಕಾಳಗದಲ್ಲಿ ಶಂಖತೀರದವರು ಅದನ್ನು ಸೆರೆಹಿಡಿದದ್ದು ಅನ್ಯಾಯವಂತೆ. ಹಿಂದಿರುಗಿಸದಿದ್ದರೆ ಮಳೆಗಾಲ ಕಳೆಯುತ್ತಲೇ ದಂಡೆತ್ತಿ ಬರುತ್ತಾನಂತೆ.

ಶಂಖತೀರದ ಅರಸ ಪದುಮರಸನ ಮುಖ ಬಾಡಿತು. ಕಡಲ್ಗಳ್ಳರಿಂದ ಊರು ಕಾಯಲು ಅವನಿಗಿದ್ದದ್ದು ಅದೊಂದೇ ಯುದ್ಧದ ಹಡಗು. ಕೊಟ್ಟರೆ ಕಳ್ಳರ ಕಾಟ, ಕೊಡದಿದ್ದರೆ ಕಾಮರಸನ ಕಾಟ. ಆಸ್ಥಾನದ ಜಾಣ ದುಗ್ಗಣ್ಣನ ಕಡೆ ನೋಡಿದ.

ದುಗ್ಗಣ್ಣ ಎಲೆಯಡಿಕೆ ಅಗಿಯುತ್ತ, ಅತಿಥಿಗಳ ಮಾತು ನ್ಯಾಯವಾದದ್ದೇ ಅಂದುಬಿಟ್ಟ. ಪದುಮರಸ ಹೌಹಾರಿದ.

"ಆದರೆ ದೊರೆಗಳೇ, ನಿಮ್ಮ ಅಜ್ಜನವರದ್ದು ನಿಮಗೆ, ನಾವು ಹಾಕಿದ್ದು ನಮಗೆ. ಒಪ್ಪಿಗೆಯೇ?" ಎಂದು ದುಗ್ಗಣ್ಣ ಕಾಮರಸನನ್ನು ಕೇಳಿದ.

"ನಿಮ್ಮದೊಂದು ಮೊಳೆಯೂ ನನಗೆ ಬೇಡ," ಎಂದು ಕಾಮರಸ ತುಂಬಿದ ಸಭೆಯಲ್ಲಿ ಮಾತು ಕೊಟ್ಟ.

ಎಲ್ಲರೂ ಹಡಗು ಹತ್ತಿದರು. ಕಾಮರಸ ಹೆಮ್ಮೆಯಿಂದ ಹಾಯಿ ಕಟ್ಟುವ ಪಟಸ್ತಂಭ ತಟ್ಟಿದ. ಹಳೆಯದು ಬಿರುಗಾಳಿಗೆ ಮುರಿಯಿತು, ಇದು ನಮ್ಮ ಕಾಡಿನ ತೇಗ ಎಂದ ದುಗ್ಗಣ್ಣ. ಹಾಯಿಗಳನ್ನು ತೋರಿಸಿದರೆ, ಹಳೆಯವು ಕಡಲ್ಗಳ್ಳರ ಬೆಂಕಿಬಾಣಕ್ಕೆ ಸುಟ್ಟವು, ಇವು ನಮ್ಮೂರ ನೇಕಾರರು ನೆಯ್ದವು ಎಂದ. ಹಡಗು ಸೆರೆಸಿಕ್ಕ ದಿನವೇ ಪಕ್ಕದ ಹಲಗೆಗಳು ಶಂಖತೀರದವರ ಫಿರಂಗಿಗೆ ಚೂರಾಗಿದ್ದವು. ತಳದ ಮರವೋ, ಬಂಡೆಗೆ ಬಡಿದು ಸೀಳಿ, ಕೊನೆಗೆ ರಾಳ ಕಾಯಿಸುವ ಒಲೆ ಸೇರಿತ್ತು. ಒಂದೊಂದು ಮಾತಿಗೂ ಹಳೆಯ ನಾವಿಕರು ಹೌದೆಂದು ತಲೆಯಾಡಿಸಿದರು.

ಕಾಮರಸನ ದನಿ ಏರಿತು. "ಹಾಗಾದರೆ ಇದರಲ್ಲಿ ನನ್ನ ಅಜ್ಜನ ಕಾಲದ್ದು ಏನೂ ಉಳಿದಿಲ್ಲವೇ?"

"ಉಳಿಯದೆ ಉಂಟೇ ದೊರೆಗಳೇ? ಹಡಗಿನ ಜೊತೆ ನಿಮ್ಮ ಬಂದರಿನ ಮರಕೊರಕ ಹುಳುಗಳೂ ಬಂದವು. ನಾವು ಎಷ್ಟು ಸಲ ಹಲಗೆ ಬದಲಿಸಿದರೂ ಅವುಗಳ ಮೊಮ್ಮಕ್ಕಳು ಜಾಗ ಬಿಡುತ್ತಿಲ್ಲ. ಅವೂ ನಿಮ್ಮ ಹಾಗೆಯೇ, 'ಇದು ನಮ್ಮ ಅಜ್ಜನ ಹಡಗು' ಅನ್ನುತ್ತವೆ. ದಯವಿಟ್ಟು ಕರೆದುಕೊಂಡು ಹೋಗಿ."

ನಾವಿಕರು ಒಬ್ಬೊಬ್ಬರಾಗಿ ಕಡಲಿನ ಕಡೆ ಮುಖ ತಿರುಗಿಸಿದರು. ಕೊಟ್ಟ ಮಾತು ನುಂಗಲಾರದೆ ಕಾಮರಸ ಹಡಗಿಳಿದು ಪಲ್ಲಕ್ಕಿ ಏರಿದ.

ಪಲ್ಲಕ್ಕಿ ಮರೆಯಾಗುವವರೆಗೆ ಪದುಮರಸ ಹೇಗೋ ನಗು ತಡೆದುಕೊಂಡ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತನ್ನ ಕೈಯ ಚಿನ್ನದ ಕಡಗ ಕಳಚಿ ದುಗ್ಗಣ್ಣನಿಗೆ ತೊಡಿಸಿದ.