ನೇರಳೆ ಭತ್ತದ ಬೀಗರು

ಪೂಜ್ಯ ಕೆರೆದಂಡೆ ಅಜ್ಜನವರಿಗೆ ಮಠವೆಂದರೆ ಹುಣಸೆಮರದಡಿಯ ಒಂದು ಹುಲ್ಲಿನ ಗುಡಿಸಲು, ಒಂದು ಕಂಬಳಿ, ಬಂದವರಿಗೆಲ್ಲ ಅಂಬಲಿ ಕಾಯಿಸುವ ಒಂದು ಒಲೆ. ಶಿವಪೂಜೆ ಮುಗಿಸಿ ಆ ಒಲೆಯ ಮುಂದೆ ಅವರು ಕುಳಿತಿದ್ದಾಗ ಫಕೀರಗೌಡರು ಅರ್ಧ ಊರನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ಕೈಯಲ್ಲಿ ನೇರಳೆ ಎಲೆಯ ಒಂದು ಹುಲ್ಲಿನ ಕಟ್ಟು. ಮುಖವೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತ್ತು.

ಗೌಡರ ಸಂಕಟ ಸಣ್ಣದಲ್ಲ. ಕೆರೆಯಂಚಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತ ಅವರ ಗದ್ದೆಗೆ ನುಗ್ಗಿ, ಪೈರಿನ ವೇಷದಲ್ಲೇ ಬೆಳೆದು, ಕೊಯ್ಲಿಗೆ ಮೊದಲೇ ಕಾಳೆಲ್ಲ ಉದುರಿಸಿ ಕೈಕೊಡುತ್ತಿತ್ತು. ಎಳೆಯದಿದ್ದಾಗ ಎರಡೂ ಒಂದೇ ಹಸಿರು, ಯಾವುದೆಂದು ಕೀಳುವುದು? ಅದಕ್ಕೆ ಗೌಡರು ದೂರದ ಸೀಮೆಯಿಂದ ನೇರಳೆ ಎಲೆಯ ಭತ್ತದ ಬೀಜ ತರಿಸಿದರು. ಹಸಿರು ಕಂಡದ್ದನ್ನೆಲ್ಲ ಕಿತ್ತರಾಯಿತು! ಮೊದಲ ಸಲ ಗದ್ದೆ ಕನ್ನಡಿಯಂತಾಯಿತು, ಗೌಡರನ್ನು ಹಿಡಿಯುವವರೇ ಇರಲಿಲ್ಲ. ಬೀಜ ಕೇಳಲು ಬಂದವರನ್ನೆಲ್ಲ ಹೊಸ್ತಿಲಲ್ಲೇ ಕೈಮುಗಿದು ಸಾಗಹಾಕಿದರು. ಕೆಲವು ವರ್ಷ ಕಳೆಯಿತು ನೋಡಿ, ಕಳೆಯೂ ನೇರಳೆಯಾಗಿಯೇ ಹುಟ್ಟತೊಡಗಿತು.

"ಇದು ಈ ದ್ಯಾಮಕ್ಕನ ಕೆಲಸರಿ, ಅಜ್ಜಾರ," ಎಂದು ಗೌಡರು ಪಕ್ಕದ ಗದ್ದೆಯ ವಿಧವೆಯತ್ತ ಬೆರಳು ಮಾಡಿದರು. "ಹೊಟ್ಟೆಕಿಚ್ಚಿಗೆ ಏನೋ ಮಾಟ ಮಾಡ್ಯಾಳ. ತಾವು ಹೂಂ ಅಂದ್ರ ಆಕಿ ಗದ್ದಿಗೆ ನೀರು ಬಂದ್!"

ಅಜ್ಜನವರ ಮಾತೇ ಕೊನೆಯೆಂದು ಊರ ಹಿರಿಯರು ಒಪ್ಪಿಬಿಟ್ಟಿದ್ದರು. ಕಾಳು ಹಾಲುಗಟ್ಟುವ ಹೊತ್ತಿನಲ್ಲಿ ನೀರು ನಿಂತರೆ ದ್ಯಾಮಕ್ಕನ ವರ್ಷದ ಅನ್ನವೇ ಹೋದಂತೆ.

"ನನಗ ಮಾಟ ಬರ್ತಿದ್ರ ನಿಮ್ಮ ಬಾಯಿಗೇ ಮಾಡ್ತಿದ್ನಲ್ರಿ ಗೌಡ್ರ!" ಎಂದಳು ದ್ಯಾಮಕ್ಕ.

ಅಜ್ಜನವರು ಕಟ್ಟಿನಿಂದ ಒಂದು ತೆನೆ ತೆಗೆದು ಅಂಗೈಯಲ್ಲಿ ಸವರಿದರು. ಮುಟ್ಟಿದ ಕೂಡಲೇ ಕಾಳು ಉದುರಿತು.

"ಗೌಡ್ರ, ಈ ನ್ಯಾರಳಿ ಎಲಿ ಸುತ್ತಮುತ್ತ ಯಾರ ಗದ್ದ್ಯಾಗ ಐತಿ?"

"ನನ್ನ ಗದ್ದ್ಯಾಗ ಅಷ್ಟರಿ!" ಗೌಡರು ಎದೆ ಉಬ್ಬಿಸಿದರು. "ಒಬ್ಬರಿಗೂ ಒಂದು ಕಾಳು ಕೊಟ್ಟಿಲ್ಲ."

ಅಜ್ಜನವರು ಮುಗುಳ್ನಕ್ಕರು. "ಉದುರೂ ಗುಣ ಕೆರಿ ದಂಡಿ ಕಾಡುಭತ್ತದ ತಾಯಿದು. ಬಣ್ಣ ನಿಮ್ಮ ಮನಿತನದ್ದು. ಹೂ ಬಿಟ್ಟಾಗ ಗಾಳಿ ಲಗ್ನ ಮಾಡಿಸೇತಿ. ಮೊಮ್ಮಕ್ಕಳ ಮ್ಯಾಲ ಫಿರ್ಯಾದಿ ತಂದೀರಲ್ರಿ, ಬೀಗರ!"

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ಕೈಯ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಅಳುಕುತ್ತ, "ಹಂಗಾದ್ರ ಇನ್ನ ಯಾವ ಬಣ್ಣದ ಬೀಜ ತರ್ಲಿರಿ?" ಎಂದರು.

"ಬಣ್ಣ ಸಾಕ್ರಿ. ಹೂ ಬಿಡೂಕಿಂತ ಮೊದಲ ದಂಡಿ ಹುಲ್ಲು ಕೀಳ್ರಿ, ಎಲ್ಲಾರೂ ಕೂಡಿ."

ಗೌಡರ ಮುಖದ ಬಣ್ಣವೆಲ್ಲ ಇಳಿದುಹೋಯಿತು. ರುಮಾಲು ತೆಗೆದು ಅಜ್ಜನವರ ಪಾದದ ಬಳಿ ಇಟ್ಟರು.

"ತಪ್ಪಾತ್ರಿ ಅಜ್ಜಾರ. ತಾವು ಹೂಂ ಅಂದೇ ಅಂತೀರಿ ಅಂತ ತಿಳಿದು, ಬರೂಮುಂದನ ದ್ಯಾಮಕ್ಕನ ಕಾಲುವಿಗೆ ಮಣ್ಣು ಹಾಕ್ಸಿ ಬಂದೇನಿ."

ದ್ಯಾಮಕ್ಕ ಅಯ್ಯೋ ಎಂದು ಕೂಗಿಕೊಂಡಳು. ಅಜ್ಜನವರು ಕಾಲುವೆಯ ಕಡೆಗೆ ಒಮ್ಮೆ ನೋಡಿದರು. ಆಳಿಗೆ ಹೇಳಿ ಕೆಲಸ ಮಾಡಿಸುವ ಗೌಡರು ಧೋತರ ಎತ್ತಿ ಕಟ್ಟಿ ಓಡಿದರು. ಊರಿಗೆ ಊರೇ ನಗುತ್ತ ಹಿಂದೆ ಓಡಿತು. ಸನಿಕೆ ತರುವಷ್ಟೂ ತಾಳ್ಮೆಯಿಲ್ಲದೆ ಗೌಡರು ಮಂಡಿಯೂರಿ ಎರಡೂ ಕೈಗಳಿಂದ ಮಣ್ಣು ಬಗೆದರು. ನೀರು ದ್ಯಾಮಕ್ಕನ ಕೊನೆಯ ಮಡಿ ಮುಟ್ಟುವವರೆಗೂ ಅವರು ಆ ಕೆಸರಿನಿಂದ ಏಳಲಿಲ್ಲ. ಅಷ್ಟರಲ್ಲಿ ಸುತ್ತ ನಿಂತಿದ್ದವರಲ್ಲಿ ನಗುವವರು ಯಾರೂ ಉಳಿದಿರಲಿಲ್ಲ.